ಬಟ್ಟೆ ಖಾಲಿ ಬರಲಿ

ಬೆಳಕು ಇನ್ನೂ ಗೋಡೆ ಹತ್ತಿಲ್ಲ. ಓಣಿಯ ಕೊನೆಯ ಉದ್ದ ಕಟ್ಟಡದ ಹಿಂಬಾಗಿಲಲ್ಲಿ ಒಬ್ಬ ಹೆಂಗಸು ಹೊರಗಿನ ಚಪ್ಪಲಿ ಬಿಟ್ಟು ಒಳಗಿನ ಚಪ್ಪಲಿಗೆ ಕಾಲು ತೂರಿಸುತ್ತಾರೆ. ಮಾಸ್ಕ್ ಕಟ್ಟಿಕೊಳ್ಳುತ್ತಾರೆ. ಬೆರಳಿನ ಉಂಗುರ ತೆಗೆದು ಸೋಪಿನ ಡಬ್ಬಿಯ ಮುಚ್ಚಳದಲ್ಲಿಟ್ಟು, ಮೊಣಕೈವರೆಗೆ ನೊರೆ ಹಚ್ಚಿ ತೊಳೆದು, ಒಳಬಾಗಿಲನ್ನು ಭುಜದಿಂದ ನೂಕುತ್ತಾರೆ. ತೊಳೆದ ಕೈ ಬಾಗಿಲು ಮುಟ್ಟಬಾರದು. ಒಳಗಿನ ಬೆಚ್ಚನೆಯ ಗಾಳಿ ಒದ್ದೆ ಟವೆಲಿನ ಹಾಗೆ ಮುಖಕ್ಕೆ ಬಡಿಯುತ್ತದೆ.

ಕೋಣೆಯ ತುಂಬ ಕಬ್ಬಿಣದ ಸ್ಟ್ಯಾಂಡುಗಳು. ಸ್ಟ್ಯಾಂಡಿನ ತುಂಬ ಟ್ರೇಗಳು, ಟ್ರೇಯ ತುಂಬ ಹೆಬ್ಬೆರಳು ಗಾತ್ರದ ಬಟ್ಟಲುಗಳು, ಪ್ರತಿ ಬಟ್ಟಲಲ್ಲೂ ಒಂದೇ ಒಂದು ಹುಳ. ಒಂದಕ್ಕೊಂದು ಬಟ್ಟಲು ಯಾಕೆಂದರೆ ಎರಡನ್ನು ಒಟ್ಟಿಗೆ ಇಟ್ಟರೆ ಮರುದಿನ ಒಂದೇ ಇರುತ್ತದೆ, ಅದೂ ಸ್ವಲ್ಪ ದಪ್ಪಗಾಗಿ. ಕೋಣೆಯ ಇನ್ನೊಂದು ತುದಿಯ ಮೇಜಿನ ಮೇಲೆ ಗಾಜಿನ ಜಾಡಿಗಳು. ಅವುಗಳೊಳಗೆ ರೆಕ್ಕೆ ಮಡಚಿ ಕೂತ ಮಣ್ಣುಬಣ್ಣದ ಪತಂಗಗಳು, ನಡುವೆ ತೂಗುಬಿಟ್ಟ ಒಂದೊಂದು ತೆಳು ಬಿಳಿ ಬಟ್ಟೆ. ರಾತ್ರಿ ಹೆಣ್ಣು ಪತಂಗಗಳು ಆ ಬಟ್ಟೆಯ ಮೇಲೆ ಮೊಟ್ಟೆ ಇಡುತ್ತವೆ. ಬೆಳಿಗ್ಗೆ ಬಟ್ಟೆ ಬದಲಾಯಿಸಬೇಕು. ಬಟ್ಟೆಯ ಮೇಲೆ ಗಸಗಸೆ ಚೆಲ್ಲಿದ ಹಾಗಿದ್ದರೆ ಆ ದಿನ ಒಳ್ಳೆಯ ದಿನ.

ಇವರು ಇವತ್ತು ಬಟ್ಟೆ ಬದಲಾಯಿಸುತ್ತಾ ಎರಡು ಸಲ ಬಾಗಿಲ ಕಡೆ ನೋಡುತ್ತಾರೆ. ಬಾಗಿಲಾಚೆ ಪಡಸಾಲೆ, ಪಡಸಾಲೆಯಾಚೆ ಕಸಬರಿಗೆ, ಬಕೆಟ್ಟು ಇಡುವ ಒಂದು ಸಣ್ಣ ಕೋಣೆ. ಅಲ್ಲಿ ಇನ್ನೆರಡು ಜಾಡಿಗಳಿವೆ. ಒಂದಕ್ಕೆ ನೀಲಿ ಟೇಪು, ಒಂದಕ್ಕೆ ಕೆಂಪು. ಆ ಎರಡು ಜಾಡಿಗಳ ಬಟ್ಟೆಯನ್ನೂ ಇವತ್ತೇ ತೆಗೆಯಬೇಕು. ಆದರೆ ಈ ಕೋಣೆಯ ಕೆಲಸ ಮುಗಿಯುವವರೆಗೂ ಆ ಬಾಗಿಲು ತೆರೆಯುವಂತಿಲ್ಲ.

"ಒಳ್ಳೇದು ಮೊದಲು, ಅನುಮಾನದ್ದು ಕೊನೆಗೆ. ನನಗೆ ಕೆಲಸ ಕಲಿಸಿದ ತಾತ ಹೇಳ್ಕೊಟ್ಟ ಮೊದಲನೇ ಮಾತು ಅದು," ಎನ್ನುತ್ತಾರೆ ಮಾಸ್ಕಿನೊಳಗಿಂದಲೇ. "ಇವತ್ತು ಆ ಮಾತೇ ನನ್ನ ಸುಡ್ತಾ ಇದೆ. ಅನುಮಾನದ್ದನ್ನ ಮೊದಲು ನೋಡ್ಬಿಟ್ರೆ ಮನಸ್ಸು ಒಂದು ಕಡೆ ನಿಲ್ತಿತ್ತು."

ಈ ಕಟ್ಟಡದಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಗೇಟಿನ ಕಾವಲುಗಾರನಿಂದ ಹಿಡಿದು ಮಹಡಿಯ ದೊಡ್ಡವರವರೆಗೆ ಎಲ್ಲರಿಗೂ ಅವರು ಹುಳದಕ್ಕ. ಹೊಲದ ಕಾಯಿ ಕೊರೆದು ತಿನ್ನುವ ಹುಳವನ್ನು ಸಾಕುವುದು ಅವರ ಉದ್ಯೋಗ. ಟೊಮೇಟೊ, ಹತ್ತಿ, ತೊಗರಿ, ಜೋಳದ ತೆನೆ, ಯಾವುದಕ್ಕೂ ಮುಖ ಸಿಂಡರಿಸದೆ ತಿನ್ನುವ ಹುಳ ಅದು. ಅದನ್ನು ಕೊಲ್ಲುವ ದಾರಿ ಹುಡುಕುವವರು ಮಹಡಿಯ ಮೇಲಿದ್ದಾರೆ. ಕೊಲ್ಲುವ ದಾರಿ ಹುಡುಕಬೇಕಾದರೆ ಆರೋಗ್ಯವಾದ ಹುಳ ಬೇಕು, ವರ್ಷವಿಡೀ ಬೇಕು, ಕೇಳಿದಾಗ ಕೇಳಿದಷ್ಟು ಬೇಕು. ಒದಗಿಸುವವರು ಕೆಳಗೆ, ಹಿಂಬಾಗಿಲ ಪಕ್ಕದ ಈ ಕೋಣೆಯಲ್ಲಿದ್ದಾರೆ.

ಅವರ ಗಂಡ ತಳ್ಳುಗಾಡಿಯಲ್ಲಿ ತರಕಾರಿ ಮಾರುತ್ತಾರೆ. ಇದಕ್ಕಿಂತ ಹೊಂದದ ಜೋಡಿ ಇಡೀ ಓಣಿಯಲ್ಲಿಲ್ಲ ಎಂದು ಅಕ್ಕಪಕ್ಕದವರು ನಗುತ್ತಾರೆ. ಗಂಡನಿಗೂ ಈ ನಗೆ ಒಗ್ಗಿಹೋಗಿದೆ. ಗಾಡಿಯ ಮೇಲೆ ಬದನೆ ಜೋಡಿಸುತ್ತಾ ಅವರು ಗಿರಾಕಿಗಳಿಗೆ ಹೇಳುವುದು ಇದನ್ನೇ: "ನಾನು ಹುಳ ಬಿದ್ದದ್ದನ್ನ ಆರಿಸಿ ಬಿಸಾಕ್ತೀನಿ. ನಮ್ಮನೆಯವಳು ಹುಳಕ್ಕೆ ತೊಟ್ಟಿಲು ಕಟ್ತಾಳೆ. ದೇವರು ಲೆಕ್ಕ ಸರಿದೂಗಿಸಿದಾನೆ." ಆದರೆ ಬಿಸಾಕುವುದು ಪೂರ್ತಿ ನಿಜವಲ್ಲ. ಒಂದೇ ಮನೆತನದ ಹುಳಗಳು ತಮ್ಮ ತಮ್ಮಲ್ಲೇ ಕೂಡುತ್ತಾ ಹೋದರೆ ವಂಶ ಬಡವಾಗುತ್ತದೆ. ಆಗೀಗ ಹೊಲದ ಹೊಸ ರಕ್ತ ಬೇಕು. ಟೊಮೇಟೊ ಕಾಲದಲ್ಲಿ ಗಂಡ ತೂತು ಬಿದ್ದ ಕಾಯಿಗಳನ್ನು ಬೇರೆ ಚೀಲಕ್ಕೆ ಹಾಕಿ ತರುತ್ತಾರೆ. ಮದುವೆಯಾದ ಹೊಸದರಲ್ಲಿ ಹೂವು ತಂದುಕೊಟ್ಟದ್ದು ನೆನಪಿಲ್ಲ, ಹುಳದ ಚೀಲವನ್ನು ಒಂದು ವರ್ಷವೂ ಮರೆತಿಲ್ಲ ಎಂದು ಹೆಂಡತಿ ಚುಚ್ಚುತ್ತಾರೆ.

ಹುಳದಕ್ಕ ಇಲ್ಲಿಗೆ ಬಂದದ್ದು ನೆಲ ಒರೆಸಲು. ಆಗ ಈ ಕೋಣೆ ನೋಡಿಕೊಳ್ಳುತ್ತಿದ್ದವರು ಒಬ್ಬ ವಯಸ್ಸಾದ ಕೆಲಸಗಾರ, ಎಲ್ಲರ ಬಾಯಲ್ಲೂ ತಾತ. ಕಣ್ಣು ಮಂಜಾಗಿ ಮೊಟ್ಟೆ ಯಾವುದು, ಪತಂಗದ ರೆಕ್ಕೆಯಿಂದ ಉದುರಿದ ಹುಡಿ ಯಾವುದು ಎಂದು ತಿಳಿಯದಾದಾಗ ಅವರು ಒರೆಸುವ ಹೆಂಗಸನ್ನು ಕರೆದು ಬಟ್ಟೆ ತೋರಿಸಿ ಕೇಳುತ್ತಿದ್ದರಂತೆ. ಕೇಳಿ ಕೇಳಿ ಒಂದು ದಿನ ಚಿಮುಟವನ್ನೇ ಕೈಗಿಟ್ಟರಂತೆ. ಅಂದಿನಿಂದ ಇಂದಿನವರೆಗೆ ಈ ಕೋಣೆಯ ಹುಳದ ವಂಶ ಒಮ್ಮೆಯೂ ಕಡಿದಿಲ್ಲ. ತಾಯಿಯ ಮೊಟ್ಟೆ, ಮೊಟ್ಟೆಯ ಹುಳ, ಹುಳದ ಕೋಶ, ಕೋಶದ ಪತಂಗ, ಮತ್ತೆ ಮೊಟ್ಟೆ. ಹುಳದಕ್ಕನಿಗೆ ಇದು ಉರಿಯುವ ಒಲೆ ಇದ್ದ ಹಾಗೆ. ಆರಿದರೆ ಮತ್ತೆ ಹೊತ್ತಿಸಬಹುದು ನಿಜ, ಆದರೆ ಆರಿಸಿದವರು ಯಾರು ಎಂಬ ಮಾತು ಹೋಗುವುದಿಲ್ಲ.

ಕೆಲಸ ಹೊರಗಿನಿಂದ ಹಗುರ ಕಾಣುತ್ತದೆ. ಕಡಲೆಹಿಟ್ಟು, ಯೀಸ್ಟು, ಜೀವಸತ್ವದ ಪುಡಿ ಬೆರೆಸಿ ಕುದಿಸಿ, ಗಟ್ಟಿಯಾಗಲು ಬಿಟ್ಟು, ಚೌಕ ಕತ್ತರಿಸಿ ಬಟ್ಟಲಿಗೆ ಹಾಕಬೇಕು. ದಿನಕ್ಕೆ ಸಾವಿರದ ಆಸುಪಾಸು ಮುಚ್ಚಳ ತೆರೆದು ಮುಚ್ಚಬೇಕು. ಹಿಕ್ಕೆ ತೆಗೆಯಬೇಕು, ಬಟ್ಟಲು ತೊಳೆಯಬೇಕು, ಕೋಶಗಳನ್ನು ಅಂಗೈಯಲ್ಲಿ ಹೊರಳಿಸಿ ಬಾಲದ ತುದಿ ನೋಡಿ ಗಂಡು ಹೆಣ್ಣು ಬೇರ್ಪಡಿಸಬೇಕು. ಹೆಬ್ಬೆರಳ ಉಗುರು ಮುಚ್ಚಳ ತೆರೆದೂ ತೆರೆದೂ ಒಂದು ಕಡೆ ಸವೆದು ಓರೆಯಾಗಿದೆ. ಅದಕ್ಕಿಂತ ಕೆಟ್ಟದ್ದು ಪತಂಗದ ಹುಡಿ. ಕಣ್ಣಿಗೆ ಕಾಣದ ಆ ಪುಡಿ ವರ್ಷಗಟ್ಟಲೆ ಎದೆಗೆ ಇಳಿದು ಕೆಮ್ಮು ಅಂಟಿಸಿದೆ. ಜೇಬಿನಲ್ಲಿ ಉಸಿರಿನ ಪಂಪು ಇಟ್ಟುಕೊಂಡೇ ಓಡಾಡುತ್ತಾರೆ. ಕೆಲಸ ಬಿಡಿ ಎಂದು ವೈದ್ಯರು ಹೇಳಿದ್ದಾರೆ. ಇವರು ಮಾಸ್ಕ್ ಬದಲಿಸಿದ್ದಾರೆ.

ಆದರೆ ಕೆಮ್ಮಿಗಾಗಲೀ ಸವೆದ ಉಗುರಿಗಾಗಲೀ ಅವರು ಹೆದರುವುದಿಲ್ಲ. ಅವರು ಹೆದರುವುದು ನಂಜಿಗೆ.

ನಂಜು ಎಂದರೆ ಹುಳಕ್ಕೆ ಬರುವ ಸಾಂಕ್ರಾಮಿಕ. ಹುಳ ಮೊದಲು ತಿನ್ನುವುದು ಕಡಿಮೆ ಮಾಡುತ್ತದೆ. ಜೊತೆಯವು ಬೆಳೆಯುವಾಗ ತಾನು ಸಣ್ಣದಾಗಿಯೇ ಉಳಿಯುತ್ತದೆ. ಆಮೇಲೆ ಮೇಲಕ್ಕೆ ಹತ್ತುತ್ತದೆ, ಬಟ್ಟಲಿನ ಮುಚ್ಚಳಕ್ಕೆ ಹಿಂಗಾಲಿನಿಂದ ಅಂಟಿಕೊಂಡು ತಲೆಕೆಳಗಾಗಿ ಜೋತುಬೀಳುತ್ತದೆ. ಕೊನೆಗೆ ಮೈ ನೀರಾಗಿ ಒಡೆದು ತೊಟ್ಟಿಕ್ಕುತ್ತದೆ. ಆ ಒಂದು ಹನಿಯಲ್ಲಿ ಇಡೀ ಕೋಣೆಯನ್ನು ಗುಡಿಸಿಹಾಕುವಷ್ಟು ವಿಷ. ತಾತನ ಕಾಲದಲ್ಲಿ ಒಮ್ಮೆ ಹಾಗಾಗಿತ್ತು. ಎಲ್ಲವನ್ನೂ ಕುದಿಯುವ ನೀರಿಗೆ ಸುರಿದು, ಗೋಡೆಗೆ ಸುಣ್ಣ ಬಳಿದು, ಖಾಲಿ ಸ್ಟ್ಯಾಂಡುಗಳ ನಡುವೆ ತಾತ ಒಂದು ತಿಂಗಳು ಸುಮ್ಮನೆ ಕೂತಿದ್ದರಂತೆ. ಅದಕ್ಕೇ ಅವರು ಹೇಳಿಕೊಟ್ಟ ಎರಡನೇ ಮಾತು: ಸಣ್ಣದು ಕಂಡರೆ ಕರುಣೆ ಬೇಡ. ಹಿಂದೆ ಬಿದ್ದದ್ದನ್ನು ಆ ಕ್ಷಣವೇ ಎತ್ತಿ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಹಾಕಬೇಕು. ರೋಗವೋ ಅಲ್ಲವೋ ಎಂದು ಯೋಚಿಸುತ್ತಾ ನಿಂತವನು ದೊಡ್ಡದನ್ನೂ ಕಳೆದುಕೊಳ್ಳುತ್ತಾನೆ.

ಇಷ್ಟು ವರ್ಷ ಕೋಣೆಯನ್ನು ಕಾಪಾಡಿದ್ದು ಆ ಎರಡನೇ ಮಾತು. ಹುಳದಕ್ಕನನ್ನು ಈಗಿನ ಸಂಕಟಕ್ಕೆ ತಳ್ಳಿದ್ದೂ ಅದೇ.

ಹಿಂದಿನ ತಿಂಗಳು ಮಹಡಿಯಿಂದ ಒಬ್ಬ ಎಳೆಯ ಸಂಶೋಧಕಿ ಇಳಿದು ಬಂದರು. ಹುಳದಕ್ಕನಿಗೆ ಅವರು ಮೇಡಂ, ಅವರಿಗೆ ಇವರು ಅಕ್ಕ. ಒಂದೇ ದಿನ ಮೊಟ್ಟೆಯೊಡೆದ ಮರಿಗಳನ್ನು ಕೇಳಿ ಪಡೆದು, ಕೂದಲಿಗಿಂತ ತೆಳುವಾದ ಗಾಜಿನ ಸೂಜಿಯಿಂದ ಒಂದೊಂದಕ್ಕೂ ಏನೋ ಚುಚ್ಚಿ, ಎರಡು ಟ್ರೇ ಮಾಡಿ ವಾಪಸು ಕೊಟ್ಟರು. ಒಂದಕ್ಕೆ ನೀಲಿ ಟೇಪು, ಇನ್ನೊಂದಕ್ಕೆ ಕೆಂಪು. ಯಾವುದಕ್ಕೆ ಏನು ಎಂದು ಹೇಳಲಿಲ್ಲ. ಹೇಳಬಾರದು. ಸಾಕುವವರಿಗೆ ಗೊತ್ತಿದ್ದರೆ ಗೊತ್ತಿಲ್ಲದೆಯೇ ಕೈ ಒಂದು ಕಡೆ ವಾಲುತ್ತದೆ, ಒಂದಕ್ಕೆ ತುತ್ತು ಹೆಚ್ಚು ಬೀಳುತ್ತದೆ. ಮಾಮೂಲಿ ಹಾಗೆ ನೋಡಿಕೊಳ್ಳಿ ಅಕ್ಕ ಎಂದಷ್ಟೇ ಹೇಳಿ ಮೇಡಂ ಮೇಲೆ ಹೋದರು. ಹುಳದಕ್ಕ ಮಾಮೂಲಿ ಹಾಗೆಯೇ ನೋಡಿಕೊಂಡರು. ತಪ್ಪಾದದ್ದು ಅಲ್ಲೇ.

ಒಂದು ಬೆಳಿಗ್ಗೆ ಕೆಂಪು ಟೇಪಿನ ಟ್ರೇ ತೆರೆದಾಗ ಮೊದಲನೇ ಬಟ್ಟಲಿನ ಹುಳ ಸಣ್ಣದಿತ್ತು. ಚಿಮುಟ ತಾನಾಗಿ ಹೋಯಿತು. ಬಕೆಟ್ಟಿಗೆ ಬಿತ್ತು. ಎರಡನೆಯದು ಸಣ್ಣದು. ಅದೂ ಬಿತ್ತು. ಮೂರನೆಯದೂ ಬಿತ್ತು. ನಾಲ್ಕನೆಯದರ ಮುಚ್ಚಳ ತೆರೆದು ಚಿಮುಟ ಇಳಿಸಿದವರು ಹಾಗೇ ನಿಂತರು. ಅದೂ ಸಣ್ಣದು. ಮುಂದಿನ ಸಾಲು ನೋಡಿದರು. ಎಲ್ಲವೂ ಸಣ್ಣವು, ಎಲ್ಲವೂ ಒಂದೇ ಸಮನೆ ಸಣ್ಣವು, ಒಂದೇ ತಾಯಿ ಅಳೆದು ಇಟ್ಟ ಹಾಗೆ.

"ರೋಗ ಹಾಗೆ ಬರಲ್ಲ," ಎನ್ನುತ್ತಾರೆ. "ಅಲ್ಲೊಂದು ಇಲ್ಲೊಂದು ಬೀಳುತ್ತೆ. ಇದು ಸಾಲು ಹಿಡಿದು ಸಣ್ಣಗಿತ್ತು. ಇದು ಮೇಡಂ ಮಾಡಿದ್ದಾದ್ರೆ ನಾನು ಅವರ ಕೆಲಸವನ್ನೇ ಬಕೆಟ್ಟಿಗೆ ಹಾಕ್ತಾ ಇದೀನಿ. ಇದು ನಂಜೇ ಆದ್ರೆ, ನಾನು ಇಲ್ಲಿ ನಿಂತು ಯೋಚನೆ ಮಾಡ್ತಾ ಇರೋ ಹೊತ್ತಿಗೆ ಇಡೀ ಕೋಣೆ ಹೋಗ್ತಾ ಇದೆ. ಎಸೆದ್ರೂ ಕೊಲೆ, ಇಟ್ಕೊಂಡ್ರೂ ಕೊಲೆ."

ಫೋನ್ ಮಾಡಿದಾಗ ಮೇಡಂ ಬಸ್ಸಿನಲ್ಲಿದ್ದರು. ದಾರಿಯಲ್ಲಿ ಬಸ್ಸು ಸಿಕ್ಕಿಕೊಂಡಲ್ಲೇ ಇಳಿದು ಓಡಿ ಬಂದರು. ಟ್ರೇ ನೋಡಿದರು, ಬಕೆಟ್ಟು ನೋಡಿದರು, ಎಷ್ಟು ಎಂದು ಕೇಳಿದರು. ಮೂರು ಎಂದಾಗ ಮಗುಚಿಟ್ಟಿದ್ದ ಇನ್ನೊಂದು ಬಕೆಟ್ಟಿನ ಮೇಲೆ ಕೂತುಬಿಟ್ಟರು. ಬೈದಿದ್ದರೆ ಚೆನ್ನಾಗಿತ್ತು, ಬೈಗುಳ ತಿಂದು ಅಭ್ಯಾಸ ಇದೆ, ಮೌನ ತಿಂದು ಇಲ್ಲ ಎನ್ನುತ್ತಾರೆ ಹುಳದಕ್ಕ.

ಗುಟ್ಟು ಉಳಿಸಿಕೊಳ್ಳುವ ಅರ್ಥ ಇನ್ನಿರಲಿಲ್ಲ. ಅಲ್ಲಿಯೇ ಕೂತು ಮೇಡಂ ಹೇಳಿದರು. ಹುಳದ ಮೈಯೊಳಗೆ ಒಂದು ಜೀನ್ ಇದೆ. ನೀಲಿ ಟ್ರೇಗೆ ಚುಚ್ಚಿದ್ದು ಬರೀ ನೀರು. ಕೆಂಪು ಟ್ರೇಗೆ ಚುಚ್ಚಿದ್ದು ಆ ಜೀನನ್ನು ಸುಮ್ಮನಿರಿಸುವ ಮದ್ದು.

"ಅಕ್ಕಾ, ಪ್ರತಿ ಮನೇಲೂ 'ಇವತ್ತು ಒಲೆ ಮೇಲೆ ಇಷ್ಟಿಡಿ' ಅಂತ ಹೇಳೋರು ಒಬ್ರು ಇರ್ತಾರಲ್ಲ? ಹುಳದೊಳಗೆ ಈ ಜೀನ್ ಹಾಗೆ. ತಿಂದಿದ್ದು ಮೈಗೆ ಹತ್ತೋ ಹಾಗೆ ಮಾಡೋದೂ ಅದೇ, ಆಮೇಲೆ ಹೆಣ್ಣಿನ ಹೊಟ್ಟೇಲಿ ಮೊಟ್ಟೆ ತುಂಬಿಸೋದೂ ಅದೇ ಅಂತ ನಮ್ಮ ಅಂದಾಜು. ಅದರ ಬಾಯಿ ಕಟ್ಟಿ ನೋಡ್ತಾ ಇದೀವಿ."

"ನಮ್ಮನೇಲಿ ನಾನು ಬಾಯಿ ಮುಚ್ಕೊಂಡ್ರೆ ಏನಾಗುತ್ತೋ ಅದೇ ಆಗಿದೆ ಬಿಡಿ ಹಂಗಾದ್ರೆ," ಎಂದರಂತೆ ಇವರು. ಇಬ್ಬರಿಗೂ ನಗು ಬಂದು, ಬಂದಷ್ಟೇ ಬೇಗ ಹೋಯಿತು. ಅಂದಾಜು ಅಂದಾಜೇ. ಸಣ್ಣದಾಗಿರುವುದು ಜೀನಿನಿಂದಲೇ ಎಂದು ಆ ಬೆಳಿಗ್ಗೆ ಮೇಡಂ ಕೂಡ ಆಣೆ ಮಾಡಿ ಹೇಳುವ ಹಾಗಿರಲಿಲ್ಲ. ಎರಡು ಹುಳ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ನಂಜಿನ ಗುರುತು ಕಾಣಲಿಲ್ಲ. ಆದರೆ ರೋಗದ ಮೊದಲ ದಿನಗಳಲ್ಲಿ ಅದು ಕಾಣುವುದೂ ಇಲ್ಲ.

ವಿಷಯ ಮಹಡಿಯ ದೊಡ್ಡವರಿಗೆ ಮುಟ್ಟಿತು. ಇಡೀ ಕಟ್ಟಡದ ಹೊಣೆ ಅವರದು. ಕೆಟ್ಟ ಮನುಷ್ಯರೇನಲ್ಲ, ತಾತನ ಕಾಲದ ಖಾಲಿ ಕೋಣೆಯನ್ನು ಕಣ್ಣಾರೆ ಕಂಡವರು. ಅವರ ತೀರ್ಪು ಚಿಕ್ಕದಾಗಿತ್ತು. ಎರಡೂ ಟ್ರೇ ಆ ಕ್ಷಣವೇ ಕಸಬರಿಗೆ ಕೋಣೆಗೆ ಹೋಗಬೇಕು. ಒಂದೇ ಒಂದು ಹುಳ ಜೋತುಬಿದ್ದು ಸತ್ತರೂ ಎರಡೂ ಕೋಣೆಯ ಸಕಲವೂ ಕುದಿಯುವ ನೀರಿಗೆ. ಯಾವುದೂ ಸಾಯದೆ ಪತಂಗವಾದರೂ ಸಾಲದು, ಒಳಗೊಳಗೇ ನಂಜಿದ್ದ ಹುಳವೂ ಕೆಲವೊಮ್ಮೆ ಪತಂಗವಾಗುತ್ತದೆ. ಕೊನೆಯ ಸಾಕ್ಷಿ ಮೊಟ್ಟೆ. ಬರೀ ನೀರು ಚುಚ್ಚಿದ ನೀಲಿ ಜಾಡಿಯ ಬಟ್ಟೆ ತುಂಬಿ ಬರಬೇಕು, ಕೆಂಪು ಜಾಡಿಯದು ಖಾಲಿ ಬರಬೇಕು. ಹಾಗೆ ಬಂದರೆ ಅದು ಜೀನ್, ಕೋಣೆ ಉಳಿಯುತ್ತದೆ. ನೀಲಿಯೂ ಬಡವಾಗಿ ಬಂದರೆ ಅದು ನಂಜು. ಎರಡೂ ತುಂಬಿ ಬಂದರೆ ಸಣ್ಣದಾದದ್ದು ಯಾಕೆಂದು ಯಾರಿಗೂ ಗೊತ್ತಿಲ್ಲ ಎಂದು ಅರ್ಥ. ಗೊತ್ತಿಲ್ಲದ್ದನ್ನು ಈ ಕಟ್ಟಡದಲ್ಲಿ ಇಟ್ಟುಕೊಳ್ಳಲಾಗುವುದಿಲ್ಲ, ಆಗಲೂ ಕೋಣೆ ಖಾಲಿ.

ಅಂದಿನಿಂದ ಹುಳದಕ್ಕನ ದಿನ ಎರಡು ತುಂಡಾಯಿತು. ಬೆಳಿಗ್ಗೆ ಒಳ್ಳೆಯ ಕೋಣೆ. ಅದು ಮುಗಿದ ಮೇಲೆ ಕಸಬರಿಗೆ ಕೋಣೆ. ಅಲ್ಲಿಂದ ಹೊರಬಂದರೆ ಆ ದಿನ ಮತ್ತೆ ಒಳ್ಳೆಯ ಕೋಣೆಗೆ ಕಾಲಿಡುವಂತಿಲ್ಲ. ಮನೆಗೆ ಹೋದರೂ ಬಾಗಿಲಲ್ಲೇ ನಿಂತು, ಉಟ್ಟದ್ದನ್ನು ಬೇರೆ ಬಕೆಟ್ಟಿಗೆ ಹಾಕಿ, ತಲೆಗೆ ನೀರು ಹಾಕಿಕೊಂಡೇ ಒಳಗೆ ಬರುವುದು. ಗಾಡಿಯ ಮೇಲೆ ಹುಳ ಬಿದ್ದ ಕಾಯಿ ಇದ್ದರೆ ಅದನ್ನೂ ದೂರ ಇಡಿಸುತ್ತಿದ್ದರು. ಹುಳದಿಂದ ಮನುಷ್ಯರಿಗೆ ಅಂಟುವ ಕಾಯಿಲೆ ಅಲ್ಲವಲ್ಲ ಎಂದು ಗಂಡ ಕೇಳಿದರೆ, ನಿಮಗೆ ಅಂಟಲ್ಲ, ನಿಮ್ಮ ಟೊಮೇಟೊದಲ್ಲಿ ಬರೋ ಹುಳಕ್ಕೆ ಅಂಟುತ್ತೆ, ನಾಳೆ ಎಲ್ಲ ಹೋದ್ರೆ ಮತ್ತೆ ಶುರು ಮಾಡೋಕೆ ಅದೇ ಗತಿ ಎಂದರು. ಗಂಡನಿಗೆ ಆಗ ಅರ್ಥವಾಯಿತು, ಹೆಂಡತಿ ಮನಸ್ಸಿನಲ್ಲಿ ಆಗಲೇ ಕೋಣೆ ಖಾಲಿ ಮಾಡಿ ನೋಡಿದ್ದಾರೆ ಎಂದು. ಮರುದಿನದಿಂದ ಏನೂ ಹೇಳದೆ ಓಟೆ ಬಿದ್ದ ಕಾಯಿಗಳನ್ನು ಪಕ್ಕದ ಗಲ್ಲಿಯ ಗೆಳೆಯನ ಮನೆಯಲ್ಲಿ ಇಟ್ಟು ಬರತೊಡಗಿದರು.

ಒಂದು ಮಧ್ಯಾಹ್ನ ಕೆಂಪು ಟ್ರೇಯ ಒಂದು ಹುಳ ಹತ್ತಿತು.

ತಿನ್ನುವುದು ಬಿಟ್ಟು, ಬಟ್ಟಲಿನ ಗೋಡೆ ಹಿಡಿದು ಮೇಲೆ ಮೇಲೆ ಹೋಗಿ, ಮುಚ್ಚಳಕ್ಕೆ ಅಂಟಿ ನಿಂತಿತು. ನಂಜು ತಗುಲಿದ ಹುಳ ಮಾಡುವುದು ಇದನ್ನೇ. ಪೊರೆ ಕಳಚಲು ಸಿದ್ಧವಾದ ಹುಳ ಕೂಡ ಕೆಲವೊಮ್ಮೆ ತಿನ್ನುವುದು ಬಿಟ್ಟು ಮೂಲೆ ಹುಡುಕಿ ಅಲ್ಲಾಡದೆ ನಿಲ್ಲುತ್ತದೆ. ಎರಡಕ್ಕೂ ಮೊದಲ ಗಂಟೆಗಳಲ್ಲಿ ಹೊರಗಿನಿಂದ ವ್ಯತ್ಯಾಸವಿಲ್ಲ. ಮೇಡಂ ನೀರು ಕುಡಿಯುವ ನೆಪದಲ್ಲಿ ಮತ್ತೆ ಮತ್ತೆ ಹೊರಗೆ ಹೋಗಿ ಬಂದರು. ಹುಳದಕ್ಕ ಕಸಬರಿಗೆಗಳ ನಡುವೆ ಸ್ಟೂಲು ಹಾಕಿಕೊಂಡು ಆ ಒಂದು ಬಟ್ಟಲನ್ನೇ ನೋಡುತ್ತಾ ಕೂತರು. ಕೆಮ್ಮು ಬಂದರೆ ಮುಖ ತಿರುಗಿಸಿ ಮೊಣಕೈಗೆ ಕೆಮ್ಮಿ ಮತ್ತೆ ನೋಡುತ್ತಿದ್ದರು. ಸಂಜೆ ಕಾವಲುಗಾರ ಬಾಗಿಲು ಹಾಕಲು ಬಂದು, ಏನಕ್ಕಾ, ಹೆರಿಗೆ ವಾರ್ಡಾ ಎಂದು ಕೇಳಿದ. ಇವರು ಬಟ್ಟಲಿನಿಂದ ಕಣ್ಣು ತೆಗೆಯಲಿಲ್ಲ. ಆತ ಬೀಗ ಹಾಕದೆ ಹೊರಗಿನ ಕಟ್ಟೆಯ ಮೇಲೆ ಕೂತು ಕಾದ.

ಬೆಳಿಗ್ಗೆ ಹುಳ ಮುಚ್ಚಳದ ಮೇಲೆಯೇ ಇತ್ತು. ತಲೆ ಮೇಲಿತ್ತು. ಕೆಳಗೆ ಆಹಾರದ ಚೌಕದ ಪಕ್ಕ ಸಾಸಿವೆಯ ಸಿಪ್ಪೆಯಂಥ ಕಪ್ಪು ಚೂರು ಬಿದ್ದಿತ್ತು. ಅದು ಹಳೆಯ ತಲೆಯ ಕವಚ. ಹುಳ ಪೊರೆ ಕಳಚಿತ್ತು. ಸಣ್ಣದಾಗಿಯೇ ಇತ್ತು, ತಡವಾಗಿ ಕಳಚಿತ್ತು, ಆದರೆ ಕಳಚಿತ್ತು. ಮಗು ನಡೆಯೋದು ಲೇಟಾದ್ರೆ ಕಾಯಿಲೆ ಅಂತಲ್ಲ ಎಂದು ತಾನು ಯಾರ್ಯಾರಿಗೋ ಸಮಾಧಾನ ಹೇಳಿದ್ದುಂಟು, ಹುಳದ ವಿಷಯದಲ್ಲಿ ಒಂದು ದಿನವೂ ಹೊಳೆಯಲಿಲ್ಲವಲ್ಲ ಎಂದು ಹುಳದಕ್ಕ ಈಗ ನೆನೆಯುತ್ತಾರೆ. ಆಮೇಲೆ ಒಂದೊಂದಾಗಿ ಉಳಿದವೂ ಕಳಚಿದವು. ಕೋಶ ಕಟ್ಟಿದವು, ಹಗುರ ಕೋಶ, ಕೈಯಲ್ಲಿಟ್ಟರೆ ಒಣ ಬೀಜದ ಹಾಗೆ. ಅವುಗಳಿಂದ ಕಿರಿದಾದ ಪತಂಗಗಳು ಬಂದವು. ಬರೀ ನೀರು ಚುಚ್ಚಿಸಿಕೊಂಡ ಆರೋಗ್ಯದ ಗಂಡುಗಳ ಜೊತೆ ಅವುಗಳ ಹೆಣ್ಣುಗಳನ್ನು ಕೂಡಿಸಿ, ಜೇನುನೀರಿನಲ್ಲಿ ಅದ್ದಿದ ಹತ್ತಿ ಇಟ್ಟು, ನಿನ್ನೆ ಸಂಜೆ ಎರಡೂ ಜಾಡಿಗಳಿಗೆ ಬಟ್ಟೆ ತೂಗುಬಿಟ್ಟಿದ್ದಾರೆ.

ಇವತ್ತು ತೆಗೆಯಬೇಕು.

ಒಳ್ಳೆಯ ಕೋಣೆಯ ಕೊನೆಯ ಟ್ರೇ ಮುಚ್ಚುವ ಹೊತ್ತಿಗೆ ಕಿಟಕಿಯ ಗಾಜು ಬೆಳ್ಳಗಾಗಿದೆ. ಪಡಸಾಲೆಯಲ್ಲಿ ಮೇಡಂ ಆಗಲೇ ಬಂದು ಗೋಡೆಗೊರಗಿ ನಿಂತಿದ್ದಾರೆ. ಹುಳದಕ್ಕ ಕಸಬರಿಗೆ ಕೋಣೆಯ ಬಾಗಿಲಿಗೆ ಭುಜ ಕೊಡುತ್ತಾರೆ.

ಮೊದಲು ನೀಲಿ. ಜಾಡಿಯ ಬಾಯಿಗೆ ಕಟ್ಟಿದ ಬಲೆ ಸಡಿಲಿಸಿ, ಪತಂಗ ಹಾರದ ಹಾಗೆ ಎರಡು ಬೆರಳು ತೂರಿಸಿ, ಬಟ್ಟೆಯನ್ನು ಮೆಲ್ಲಗೆ ಎಳೆಯುತ್ತಾರೆ. ಬೆಳಕಿಗೆ ಹಿಡಿಯಬೇಕಾದ ಅಗತ್ಯವೇ ಇಲ್ಲ. ಬಟ್ಟೆ ಮುಟ್ಟಿದರೇ ತಿಳಿಯುತ್ತದೆ, ಸಣ್ಣ ಮರಳು ಮೆತ್ತಿದ ಹಾಗೆ ಒರಟು. ತುಂಬಿ ಬಂದಿದೆ. ಮೇಡಂ ಉಸಿರು ಬಿಡುವುದು ಕೇಳಿಸುತ್ತದೆ. ಕೋಣೆಗೆ ನಂಜು ತಗುಲಿಲ್ಲ. ಅರ್ಧ ಗೆದ್ದಂತೆ. ಆದರೆ ಕೆಂಪೂ ಹೀಗೇ ಬಂದರೆ ಈ ಅರ್ಧಕ್ಕೆ ಬೆಲೆಯಿಲ್ಲ.

ಕೆಂಪು ಜಾಡಿಯ ಬಟ್ಟೆ ಹೊರಬರುತ್ತದೆ. ಅದರ ಮೇಲೆ ಏನೋ ಇದೆ. ಚುಕ್ಕೆ ಚುಕ್ಕೆಯಾಗಿ, ಅಲ್ಲಲ್ಲಿ, ಬೇಕಾದಷ್ಟು. ಮೇಡಂ ಕಣ್ಣು ಮುಚ್ಚಿಕೊಳ್ಳುತ್ತಾರೆ. ಹುಳದಕ್ಕ ಬಟ್ಟೆಯನ್ನು ಕಿಟಕಿಗೆ ಹಿಡಿದು ಓರೆ ಮಾಡುತ್ತಾರೆ, ಇನ್ನೊಂದು ಕಡೆಗೂ ಓರೆ ಮಾಡುತ್ತಾರೆ, ಮಾಸ್ಕಿನೊಳಗೆ ಉಸಿರು ಹಿಡಿದು ಬೆರಳ ತುದಿಯಿಂದ ಒಂದೇ ಸಲ ತಟ್ಟುತ್ತಾರೆ. ಚುಕ್ಕೆಗಳು ಉದುರಿ ಗಾಳಿಯಲ್ಲಿ ತೇಲುತ್ತವೆ. ರೆಕ್ಕೆಯ ಹುಡಿ. ಮೊಟ್ಟೆ ಉದುರುವುದಿಲ್ಲ, ಅಂಟಿಕೊಂಡಿರುತ್ತದೆ. ತಟ್ಟಿದ ಮೇಲೆ ಉಳಿದದ್ದು ಬೆರಳೆಣಿಕೆಯಷ್ಟು, ಅವೂ ಗಾಳಿ ಹೋದ ಚೆಂಡಿನ ಹಾಗೆ ಕುಸಿದು ಕೂತಿವೆ. ಒಳಗೆ ತುಂಬಿಲ್ಲ.

"ಖಾಲಿ ಮೇಡಂ," ಎನ್ನುತ್ತಾರೆ. ಹೇಳಿ, ಕೆಮ್ಮು ಒತ್ತಿಬಂದು, ಜೇಬಿನ ಪಂಪಿಗೆ ತಡಕಾಡುತ್ತಾರೆ. ತಟ್ಟಿದ ಹುಡಿಯೆಲ್ಲ ಅವರ ಎದೆಗೇ ಹೋಗಿದೆ. ಮೇಡಂ ಬಟ್ಟೆ ಹಿಡಿಯಬೇಕೋ ಬೆನ್ನು ನೀವಬೇಕೋ ತಿಳಿಯದೆ ಎರಡನ್ನೂ ಮಾಡುತ್ತಾರೆ.

ಕೆಮ್ಮು ಇಳಿದ ಮೇಲೆ ಹುಳದಕ್ಕ ಮೆಟ್ಟಿಲ ಮೇಲೆ ಕೂತು ಹೇಳುತ್ತಾರೆ: "ಇಷ್ಟು ವರ್ಷ ಬಟ್ಟೆ ತುಂಬಿ ಬರ್ಲಿ ಅಂತಲೇ ಬೇಡ್ಕೊಂಡವಳು ನಾನು. ರಾತ್ರಿ ಮಲ್ಕೊಂಡಾಗ ಖಾಲಿ ಬರ್ಲಿ ಅಂತ ಬೇಡ್ಕೊಂಡೆ. ಹೆಣ್ಣು ಜೀವಕ್ಕೆ ಹಂಗೆ ಬಯಸಬಾರ್ದು. ಬಯಸಿದೆ. ಈಗ ಖುಷಿಯೂ ಆಗ್ತಾ ಇದೆ, ಯಾರಿಗೋ ದ್ರೋಹ ಬಗೆದ ಹಾಗೂ ಆಗ್ತಾ ಇದೆ."

ಮಹಡಿಯಿಂದ ದೊಡ್ಡವರು ತಾವೇ ಇಳಿದು ಬರುತ್ತಾರೆ. ಎರಡೂ ಬಟ್ಟೆ ನೋಡುತ್ತಾರೆ. ಒಂದು ಪ್ರಯೋಗದಿಂದ ಏನೂ ಆಗಿಬಿಡುವುದಿಲ್ಲ, ಇದನ್ನೇ ಇನ್ನೆರಡು ಸಲ ಮಾಡಿ ತೋರಿಸಿ ಎಂದು ಮೇಡಂಗೆ ಹೇಳುತ್ತಾರೆ. ಹೊರಡುವ ಮೊದಲು ಒಳ್ಳೆಯ ಕೋಣೆಯ ಬಾಗಿಲಿನ ಗಾಜಿನಿಂದ ಒಳಗೆ ಇಣುಕಿ, ಸ್ಟ್ಯಾಂಡುಗಳನ್ನು ನೋಡುತ್ತಾ ಸ್ವಲ್ಪ ಹೊತ್ತು ನಿಲ್ಲುತ್ತಾರೆ. ಕುದಿಯುವ ನೀರಿನ ಮಾತು ಮತ್ತೆ ಬರುವುದಿಲ್ಲ.

ಇನ್ನೊಂದು ಮಾತು ಉಳಿದಿದೆ. ಅದನ್ನು ಎತ್ತುವವರು ಹುಳದಕ್ಕನೇ. ಆ ದಿನ ಬಕೆಟ್ಟಿಗೆ ಬಿದ್ದ ಮೂರು ಹುಳಗಳೂ ಸಣ್ಣವೇ ಆಗಿದ್ದವಲ್ಲ, ಅವನ್ನೂ ಈ ಸಣ್ಣವುಗಳ ಲೆಕ್ಕಕ್ಕೆ ಸೇರಿಸಬಹುದಲ್ಲ ಎಂದು ಕೇಳುತ್ತಾರೆ. ಮೇಡಂ ಆಗುವುದಿಲ್ಲ ಎನ್ನುತ್ತಾರೆ. ಅವು ಬದುಕಿದ್ದರೆ ಏನಾಗುತ್ತಿದ್ದವು ಎಂದು ಈಗ ಹೇಳಲು ಬರುವುದಿಲ್ಲ. ಅವು ಯಾವ ಕಡೆಗೂ ಸೇರದೆ, ಕಳೆದುಹೋದವು ಎಂದೇ ಉಳಿಯುತ್ತವೆ. ಹುಳದಕ್ಕ ತಲೆಯಾಡಿಸುತ್ತಾರೆ. ಹುಳ ಸಾಯುವುದು ಅವರಿಗೆ ಹೊಸದಲ್ಲ, ಸತ್ತದ್ದಕ್ಕೆ ಕಾರಣವೇ ಇಲ್ಲದಿರುವುದು ಹೊಸದು.

ಮುಂದಿನ ಸುತ್ತಿಗೆ ಏನಾದರೂ ಬೇಕಾ ಎಂದು ಮೇಡಂ ಕೇಳಿದಾಗ ಅವರು ಕೇಳುವುದು ಹೊಸ ಮಾಸ್ಕನ್ನೂ ಅಲ್ಲ, ಹುಡಿ ಹೊರಗೆಳೆಯುವ ಫ್ಯಾನನ್ನೂ ಅಲ್ಲ. "ಯಾವ ಟ್ರೇ ಏನು ಅಂತ ನನಗೆ ಹೇಳ್ಬೇಡಿ. ಗೊತ್ತಾಗೋದು ಬೇಡ. 'ಸಣ್ಣದಿದ್ರೂ ಇರ್ಲಿ ಅಕ್ಕ' ಅಂತ ಅಷ್ಟು ಹೇಳಿಬಿಡಿ ಸಾಕು. ಚಿಮುಟಕ್ಕೆ ನಾನು ಬುದ್ಧಿ ಹೇಳ್ಕೋತೀನಿ."

ಹೊಸ ಮರಿಗಳ ಟ್ರೇಗಳು ಈಗ ಕಸಬರಿಗೆ ಕೋಣೆಯಲ್ಲಿವೆ. ಈ ಸಲ ಟೇಪು ಹಸಿರು ಮತ್ತು ಹಳದಿ. ಎರಡರ ಮೇಲೂ ಮೇಡಂ ಕೈಬರಹದಲ್ಲಿ ಒಂದೇ ಸಾಲು ಇದೆ, ಸಣ್ಣದಿದ್ದರೂ ಇರಲಿ ಎಂದು. ಒಂದರ ಮೇಲೆ ಮಾತ್ರ ಬರೆದರೆ ಗುಟ್ಟು ರಟ್ಟಾಗುತ್ತದಲ್ಲ. ಹುಳದಕ್ಕ ಹಸಿರು ಟ್ರೇಯ ಮೊದಲ ಮುಚ್ಚಳ ತೆರೆಯುತ್ತಾರೆ. ಇಷ್ಟು ಎಳೆಯ ಮರಿಯಲ್ಲಿ ಯಾವುದು ಹಿಂದೆ ಬೀಳಲಿದೆ, ಹಿಂದೆ ಬಿದ್ದದ್ದು ಯಾಕೆ ಬಿತ್ತು, ಇನ್ನೂ ಏನೂ ಗೊತ್ತಾಗುವುದಿಲ್ಲ. ಗೊತ್ತಾಗುವ ದಿನ ಬರುವವರೆಗೂ ರಾತ್ರಿ ಸರಿಯಾಗಿ ನಿದ್ದೆಯೂ ಬರುವುದಿಲ್ಲ. ಬಕೆಟ್ಟು ಪಕ್ಕದಲ್ಲೇ ಇದೆ, ಮುಚ್ಚಳ ಹಾಕಿದೆ, ಮುಚ್ಚಳದ ಮೇಲೆ ತೊಳೆದ ಬಟ್ಟಲುಗಳನ್ನು ಒಂದರ ಮೇಲೊಂದು ಒಟ್ಟಿದ್ದಾರೆ, ಕೈ ತಾನಾಗಿ ಹೋದರೂ ಅಷ್ಟನ್ನು ಇಳಿಸುವಷ್ಟು ಹೊತ್ತು ಸಿಗಲಿ ಎಂದು.